ಒಂದೇ ಸಲ ಕೇಳಬೇಕಂತೆ

ನನ್ನ ಕೈ ಕಟ್ಟಿಹಾಕಿದವಳು ನನ್ನ ಮಗಳೇ. "ಅಮ್ಮ, ಜೂಡಿತ್ ಆಂಟಿಗೆ ಒಂದೇ ಸಲ ಕೇಳು. ಬ್ರಿಟಿಷರು ನೋ ಅಂದ್ರೆ ನೋ. ಪ್ಲೀಸ್, ಬಲವಂತ ಮಾಡ್ಬೇಡ, ದಟ್ಸ್ ಸೋ ರೂಡ್," ಎಂದು ಇಂಚರಾ ವಾರವಿಡೀ ನನ್ನ ತಲೆ ತಿಂದಳು. ಜೂಡಿತ್ ಎಂದರೆ ಅವಳು ಮದುವೆಯಾಗಬೇಕೆಂದಿರುವ ಎಲಿಯಟ್‌ನ ತಾಯಿ. ನಮ್ಮನ್ನು ನೋಡಲೆಂದೇ ಇಂಗ್ಲೆಂಡಿನಿಂದ ಅಮೆರಿಕದ ಫ್ರೀಮಾಂಟಿಗೆ ಬರುವವರಿದ್ದರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ಬಲವಂತ ಮಾಡದೆ ಬಡಿಸುವುದಾದರೂ ಹೇಗೆ? ಆದರೂ ಬಾಯಿಗೆ ಬೀಗ ಹಾಕಿಕೊಂಡೆ. ಆ ಹುಡುಗನನ್ನು ಮಗಳು ಅಷ್ಟು ಹಚ್ಚಿಕೊಂಡಿದ್ದಾಳೆ. ನನ್ನ ಚಾಳಿಯಿಂದ ಈ ಸಂಬಂಧ ಕೆಟ್ಟರೆ ಅವಳ ಮುಖ ಹೇಗೆ ನೋಡಲಿ?

ಶನಿವಾರ ಮಧ್ಯಾಹ್ನ ತಾಯಿ ಮಗ ಬಂದರು. ಹೇಳದೇನೇ ಆಕೆ ಬಾಗಿಲಲ್ಲಿ ಶೂ ಬಿಚ್ಚಿದರು. ನೋಡಿದ ತಕ್ಷಣ ನನಗೆ ಹಿಡಿಸಿಬಿಟ್ಟರು.

ಊಟಕ್ಕೆ ಕೂತಾಗ ಬಿಸಿಬೇಳೆಬಾತಿನ ಪಾತ್ರೆ ಹಿಡಿದು, "ಬಡಿಸಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಓ, ಬೇಡ, ಥ್ಯಾಂಕ್ ಯೂ," ಎಂದರು.

ಸರಿ, ಬೇಡ ಅಂದರೆ ಬೇಡ. ಪಾತ್ರೆ ಮುಂದೆ ಹೋಯಿತು. ಕೋಸಂಬರಿಗೂ ಅದೇ ಉತ್ತರ. ನನ್ನ ಹೋಳಿಗೆಗೂ! ಇಂಚರಾ ಮೆಲ್ಲಗೆ, "ಗುಡ್ ಜಾಬ್, ಅಮ್ಮ," ಎಂದಳು. ನನ್ನ ಯಜಮಾನರು ಅನಂತಪದ್ಮನಾಭ ಲೋಕದ ಪರಿವೆಯಿಲ್ಲದೆ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಿದ್ದರು. ಪಾಪ, ಆಕೆಯ ತಟ್ಟೆಯಲ್ಲಿ ಒಂದು ಹಪ್ಪಳ. ಅದನ್ನೇ ಚೂರು ಚೂರು ಮುರಿಯುತ್ತ ಇಲ್ಲಿಯ ಬಿಸಿಲನ್ನು ಹೊಗಳುತ್ತಿದ್ದವರು ಬರಬರುತ್ತ ಮಾತೇ ನಿಲ್ಲಿಸಿದರು. ಮುಖ ಸಣ್ಣದಾಯಿತು. ನಮ್ಮ ಮನೆ ಹಿಡಿಸಲಿಲ್ಲ, ಮುಗೀತು ಕಥೆ ಎಂದುಕೊಂಡೆ.

ಅಷ್ಟರಲ್ಲಿ ಆಕೆಯ ಹೊಟ್ಟೆ ಗುರ್ರ್ ಎಂದಿತು. ಎಲ್ಲರಿಗೂ ಕೇಳಿಸಿತು.

ಇನ್ನು ನನ್ನ ಕೈಲಾಗಲಿಲ್ಲ. "ನಿಮ್ಮ ಮ್ಯಾನರ್ಸಿಗಿಷ್ಟು ಬೆಂಕಿ ಹಾಕ!" ಎಂದು ಕನ್ನಡದಲ್ಲೇ ಕೂಗಿ, ಮಗಳು "ಅಮ್ಮಾ, ನೋ!" ಎನ್ನುತ್ತಿದ್ದರೂ ಆಕೆಯ ತಟ್ಟೆಗೆ ಸೌಟಿನ ಮೇಲೆ ಸೌಟು ಬಡಿಸಿಬಿಟ್ಟೆ.

ಜೂಡಿತ್ ತಟ್ಟೆ ನೋಡಿದರು, ನನ್ನನ್ನು ನೋಡಿದರು. ಕಣ್ಣು ತುಂಬಿಕೊಂಡವು.

"ಅಂತೂ ಬಲವಂತ ಮಾಡಿದಿರಿ! ಮೊದಲು ಬೇಡ ಅನ್ನಬೇಕು, ನೀವು ಬಿಡೋದೇ ಇಲ್ಲ, ನಿಮ್ಮಲ್ಲಿ ಅದೇ ಮರ್ಯಾದೆ ಅಂತ ಎಲಿಯಟ್ ಹೇಳಿಕೊಟ್ಟಿದ್ದ. ಹೊಟ್ಟೆ ಖಾಲಿ ಇರಲಿ ಅಂತ ಬೆಳಗ್ಗೆ ತಿಂಡೀನೂ ಬಿಟ್ಟೆ. ನೀವು ನೋಡಿದರೆ ಒಂದು ಸಲ ಕೇಳಿ ಸುಮ್ಮನಾದಿರಿ. ನಿಮಗೆ ನಮ್ಮ ಸಂಬಂಧವೇ ಬೇಡವೇನೋ ಅಂದುಕೊಂಡೆ."

ನಾನು ದಂಗಾದೆ. ನನ್ನ ಬಲವಂತಕ್ಕೆ ಸಿಕ್ಕಿ ಎಷ್ಟೋ ಸಲ ಬೆಲ್ಟು ಸಡಿಲಿಸಿಕೊಂಡಿದ್ದ ಎಲಿಯಟ್ ಕೆಂಪಗಾಗಿದ್ದ. ಇಂಚರಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನಗೆ ನಗು ಒತ್ತರಿಸಿ ಬಂತು, ಆಕೆಗೂ ಬಂತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಮ್ಮ ಯಜಮಾನರು, "ಏನಾಯ್ತೇ, ಏನಾಯ್ತು?" ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಬಾತು, ಹೋಳಿಗೆ ಎಲ್ಲವನ್ನೂ ಚಪ್ಪರಿಸಿ ಉಂಡ ಜೂಡಿತ್ ಎದ್ದು ಬಂದು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಸೌಟು ಕಸಿದುಕೊಂಡರು.

"ನಿಮ್ಮ ಮಗಳು ನಮ್ಮ ಮನೆಗೆ ಬಂದಾಗ ನಾನೂ ಹೀಗೇ ಬಡಿಸಬೇಕಲ್ಲ. ಕಲಿತುಕೊಳ್ಳಲು ಬಿಡಿ," ಎಂದರು.

"ಸಾಕು, ಸಾಕು," ಎಂದೆ. ಆಕೆ ಬಡಿಸುತ್ತಲೇ ಇದ್ದರು. ನಾನೂ ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ.