ಅತ್ತೆ ಕುದುರೆ ಏರಿದ ಮುಖಪುಟ

ತಿಂಗಳಿಗೊಂದರಂತೆ ಒಂದೇ ಹೆಸರಿನಲ್ಲಿ ಬರುತ್ತಿದ್ದ ಮಕ್ಕಳ ಚಿತ್ರಕತೆ ಪುಸ್ತಕಗಳಿಗೆ ನಮ್ಮವರು ನಲವತ್ತೊಂದು ವರ್ಷ ಮುಖಪುಟ ಬರೆದರು. ಒಳಗಿನ ಗೀಟಿನ ಚಿತ್ರಗಳು ಬೇರೆಯವರವು. ಬಣ್ಣದ ಮುಖಪುಟ ಮಾತ್ರ ಇವರದು. ಆ ಪುಸ್ತಕ ತರುತ್ತಿದ್ದ ಕಚೇರಿಯ ಪದ್ಧತಿ ತಲೆಕೆಳಗು. ಮೊದಲು ಮುಖಪುಟ, ಆಮೇಲೆ ಕತೆ. ಬಾವಿಯಿಂದ ಆನೆ ಮೇಲೆ ಬರುವಂತೆ ಇವರು ಬರೆದುಕೊಟ್ಟರೆ, ಆ ಆನೆ ಬಾವಿಗೆ ಹೇಗೆ ಬಿತ್ತು ಅನ್ನುವುದು ಕತೆಗಾರನ ತಲೆನೋವು.

ಎದುರಿಗೆ ಆಳು ನಿಲ್ಲದೆ ಇವರ ಕುಂಚ ಏಳುತ್ತಿರಲಿಲ್ಲ. ಎದುರುಮನೆಯ ದರ್ಜಿ ರಾಜಕುಮಾರ. ನಾನು ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿ, ಎರಡು ಹೆತ್ತ ಮೇಲೂ. ಅತ್ತೆಯದು ಗಿಳಿಮೂಗು, ಚೂಪು ಗದ್ದ. ಹಾಗಾಗಿ ಅವರು ಹನ್ನೊಂದು ವರ್ಷ ರಾಕ್ಷಸಿ, ಮಾಟಗಾತಿ, ವಿಷ ಕಲಸುವ ಮಲತಾಯಿ. ಸೌಟು ಹಿಡಿದು, ಕಣ್ಣು ಕೆಕ್ಕರಿಸಿಕೊಂಡು ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಚಿತ್ರದ ಮೇಲ್ತುದಿಯಲ್ಲಿ ಪುಸ್ತಕದ ಹೆಸರಿಗೆಂದು ನಾಲ್ಕು ಬೆರಳು ಜಾಗ ಬಿಡಬೇಕಾದ್ದರಿಂದ, ನಿಂತವರಿಗೆಲ್ಲ ಇವರದು ಒಂದೇ ಮಾತು: "ಸ್ವಲ್ಪ ತಲೆ ಬಗ್ಗಿಸಿ."

ಒಂದು ಬೆಳಿಗ್ಗೆ ಹಾಲು ತರಲು ಹೋದ ಅತ್ತೆ ಬರಿಗೈಯಲ್ಲಿ ಬಂದು ಕೂತರು. ಅವರನ್ನು ಕಂಡು ಗಲ್ಲಿಯ ಮಕ್ಕಳು "ರಾಕ್ಷಸಜ್ಜಿ ಬಂದ್ಲು" ಎಂದು ಓಡಿದವಂತೆ. ಅದೇನೂ ಹೊಸದಲ್ಲ. ಆದರೆ ಈ ಸಲ ಎಲ್ಲರಿಗಿಂತ ಮುಂದೆ ಓಡಿದವಳು ದರ್ಜಿಯ ಕಿರಿಮಗಳು, ಅತ್ತೆಯೇ ಎತ್ತಿ ಆಡಿಸಿದ ಕೂಸು.

"ಇನ್ನು ನಾನು ನಿಲ್ಲಲ್ಲ ಕಣೋ," ಎಂದರು ಮಗನಿಗೆ.

"ಅಮ್ಮ, ನಾಳೆ ಹತ್ತು ಗಂಟೆಗೆ ಮುಖಪುಟ ಅಚ್ಚಿಗೆ ಹೋಗ್ಬೇಕು. ಇದೊಂದ್ಸಲ."

"ಹೆತ್ತವಳಿಗೆ ಹೆಗ್ಗಣ ಮುದ್ದು ಅಂತಾರೆ. ಹೆಗ್ಗಣಕ್ಕೆ ಹೆತ್ತವಳು ಮುದ್ದಲ್ಲ, ನೋಡು. ಒಂದೇ ಒಂದು ಸಲ ನನ್ನ ಒಳ್ಳೆಯವಳಾಗಿ ಬರಿ. ಆಮೇಲೆ ಬೇಕಾದ್ರೆ ಬಾಲ ಹಚ್ಚು."

"ಯಾರಾಗಿ ಬರೀಲಿ?"

ಅತ್ತೆ ದಾರಿಯಲ್ಲೇ ಯೋಚಿಸಿಕೊಂಡು ಬಂದಿರಬೇಕು. "ಕುದುರೆ ಮೇಲೆ. ಹಿಂದೆ ಒಂದು ಮಗು ತಬ್ಕೊಂಡು ಕೂತಿರ್ಲಿ. ಕಾಪಾಡಿ ಕರ್ಕೊಂಡು ಬರ್ತಿರೋ ಹಾಗೆ."

ಊಟದ ಮೇಜಿನ ಮೇಲೆ ಕಬ್ಬಿಣದ ಪೆಟ್ಟಿಗೆ, ಅದರ ಮೇಲೊಂದು ದಿಂಬು. ಕುದುರೆ ಸಿದ್ಧ. ಕಿಟಕಿಯ ಪರದೆ ಬಿಚ್ಚಿ ಅತ್ತೆಯ ಹೆಗಲಿಗೆ ಕಟ್ಟಿದೆ. ಪೊರಕೆ ಕತ್ತಿಯಾಯಿತು, ಇನ್ನೊಂದು ದಿಂಬು ಬೆನ್ನ ಹಿಂದಿನ ಮಗು.

"ಅಮ್ಮ, ಸ್ವಲ್ಪ ತಲೆ ಬಗ್ಗಿಸು."

"ಬಗ್ಗಿಸಿದ್ದು ಸಾಕು. ಕುದುರೆ ಏರಿದೋಳು ಯಾವಳಾದ್ರೂ ನೆಲ ನೋಡ್ತಾಳೇನೋ?"

ಇವರು ನಕ್ಕು ಕುಂಚ ಎತ್ತಿದರು. ಅಷ್ಟು ಖುಷಿಯಿಂದ ಕೆಲಸ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಟೀ ಲೋಟವೆಂದು ತಿಳಿದು ಎರಡು ಸಲ ಕುಂಚ ತೊಳೆದ ನೀರಿಗೆ ಕೈ ಹಾಕಿದರು. ಸಂಜೆಯೊಳಗೆ ಚಿತ್ರ ಮುಗಿಯಿತು. ಒಂದು ಸುಕ್ಕನ್ನೂ ಅಳಿಸಿರಲಿಲ್ಲ, ಮೂಗೂ ಅದೇ ಮೂಗು. ಆದರೂ ಆ ಮುದುಕಿಯ ಬೆನ್ನಿಗೆ ಯಾವ ಮಗುವಾದರೂ ನಂಬಿ ಒರಗುವಂತಿತ್ತು.

ಮಾರನೆಯ ದಿನ ಕಚೇರಿಗೆ ಮೂವರೂ ಹೋದೆವು. ಸಂಪಾದಕರು ಹೆಸರಿನ ಹಾಳೆಯನ್ನು ಚಿತ್ರದ ಮೇಲೆ ಹಾಸಿದರು. ಗಾಜಿನಂಥ ಪಾರದರ್ಶಕ ಹಾಳೆ, ಅದರ ತುಂಬ ಕೆಂಪು ದಪ್ಪಕ್ಷರ. ಅಕ್ಷರಗಳು ಸರಿಯಾಗಿ ಅತ್ತೆಯ ಮುಖದ ಮೇಲೇ ಕೂತವು. ಖುಷಿಯಲ್ಲಿ ಇವರು ಆ ನಾಲ್ಕು ಬೆರಳು ಜಾಗವನ್ನೇ ಮರೆತಿದ್ದರು.

"ಹಳೇ ರಾಕ್ಷಸಿ ಚಿತ್ರ ಯಾವುದಾದ್ರೂ ಇದ್ರೆ ಕೊಡಿ, ಹಾಕ್ಬಿಡೋಣ," ಎಂದರು ಸಂಪಾದಕರು. "ಹೆಸರು ಕಾಣದಿದ್ರೆ ಯಾವ ಪುಸ್ತಕ ಅಂತ ಯಾರಿಗೆ ಗೊತ್ತಾಗುತ್ತೆ?"

ಅತ್ತೆ ಕೈಚೀಲದ ಹಿಡಿಯನ್ನು ತಿರುಚುತ್ತ ನಿಂತರು. ಮನೆಯಲ್ಲಿ ಅವರು ಸುಮ್ಮನಿದ್ದದ್ದನ್ನು ನಾನು ಕಂಡವಳಲ್ಲ, ನನಗೆ ತಡೆಯಲಾಗಲಿಲ್ಲ.

"ನಂಗೆ ಗೊತ್ತಾಗುತ್ತೆ ಸಾರ್," ಎಂದೆ. "ನಂಗೆ ಒಂದಕ್ಷರ ಓದೋಕೆ ಬರಲ್ಲ. ಆದ್ರೂ ಅಂಗಡೀಲಿ ಹತ್ತು ಪುಸ್ತಕ ನೇತುಹಾಕಿದ್ರೆ ನಮ್ಮದು ಯಾವ್ದು ಅಂತ ದೂರದಿಂದ್ಲೇ ಹೇಳ್ತೀನಿ. ಆ ಕೆಂಪು, ಆ ಬಾಗು ನೋಡೇ ಗುರುತು. ಅಂಗಡಿಯವನ ತಲೆ ಅಡ್ಡ ಬಂದ್ರೂ ಸಿಗುತ್ತೆ. ನಮ್ಮತ್ತೆ ತಲೆ ಅಡ್ಡ ಬಂದ್ರೆ ಸಿಗಲ್ವಾ?"

ಮೂಲೆಯಲ್ಲಿ ಕೂತಿದ್ದ ಅಕ್ಷರ ಬರೆಯುವ ಮುದುಕರು ಮೊದಲು ನಕ್ಕರು. ಎದ್ದು ಬಂದು, ಅತ್ತೆಯ ತಲೆಯ ಸುತ್ತ ಹಾಳೆಯ ಮೇಲೆ ಪೆನ್ಸಿಲ್ ಓಡಿಸಿ, ಅಷ್ಟನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಈಗ ನೋಡಿದರೆ ಅಕ್ಷರಗಳು ಹಿಂದೆ, ಅತ್ತೆ ಮುಂದೆ. ಹೆಸರನ್ನೇ ದಾಟಿ ಕುದುರೆ ಹೊರಗೆ ನೆಗೆಯುವಂತಿತ್ತು.

ಸಂಪಾದಕರು ಅದನ್ನು ಗೋಡೆಗೆ ಒರಗಿಸಿ, ಮೊಗಸಾಲೆಯ ಆ ತುದಿಯಲ್ಲಿದ್ದ ಕಾವಲುಗಾರನನ್ನು ಕೂಗಿ ಕೇಳಿದರು, ಇದು ಯಾವ ಪುಸ್ತಕವೆಂದು. ಅವನು ಥಟ್ಟನೆ ಹೆಸರು ಹೇಳಿ, "ಅಜ್ಜಿ ಯಾರು ಸಾರ್? ಜೋರಾಗಿದ್ದಾರೆ," ಎಂದ.

"ಎಲ್ಲಾ ಸರಿ, ಅಜ್ಜಿ ಕುದುರೆ ಯಾಕೆ ಹತ್ತಿದ್ರು?" ಎಂದು ಕತೆಗಾರ ಗೊಣಗಿದ.

"ಕೂತ್ಕೋ, ಹೇಳ್ತೀನಿ," ಎಂದರು ಅತ್ತೆ. ಅವರಿಗೆ ಮಾತು ಮರಳಿ ಬಂದಿತ್ತು. ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಪುಸ್ತಕ ಹೊರಬಂದ ದಿನ ದರ್ಜಿಯ ಮಗಳು ಅದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಒಮ್ಮೆ ಮುಖಪುಟ ನೋಡಿದಳು, ಒಮ್ಮೆ ಅತ್ತೆಯನ್ನು.

"ಅಜ್ಜಿ, ಕುದುರೆ ಎಲ್ಲಿ?"

"ಒಳಗೆ ಕಟ್ಟಿದೆ, ಬಾ."

ಪೆಟ್ಟಿಗೆ ಮತ್ತೆ ಮೇಜು ಏರಿತು. ಆ ದಿನ ಗಲ್ಲಿಯ ಮಕ್ಕಳೆಲ್ಲ ಸರದಿಯಲ್ಲಿ ಅತ್ತೆಯ ಹಿಂದೆ ಕೂತು ಸವಾರಿ ಮಾಡಿದರು. ನಾವು ಊಟಕ್ಕೆ ನೆಲದ ಮೇಲೆ ಕೂತೆವು.

ಹೆಸರಿನ ಮುಂದೆ ತಲೆ ಬರುವುದೇ ಆಮೇಲೆ ಇವರ ಗುರುತಾಯಿತು, ಬೇರೆಯವರೂ ಹಾಗೇ ಬರೆಯತೊಡಗಿದರು. ಹೇಗೆ ಹೊಳೆಯಿತೆಂದು ಕೇಳಿದವರಿಗೆ ಇವರು "ನಮ್ಮಮ್ಮ ಬಗ್ಗಲಿಲ್ಲ" ಅನ್ನುತ್ತಿದ್ದರು. ನನ್ನ ಪ್ರಸ್ತಾಪ ಬರುತ್ತಿದ್ದದ್ದು ನಾನು ಅಲ್ಲೇ ನಿಂತಿದ್ದರೆ ಮಾತ್ರ.

ಮುಂದಿನ ತಿಂಗಳಿಗೆ ಮತ್ತೆ ರಾಕ್ಷಸಿ ಬೇಕಾದಳು. ಅತ್ತೆ ತಾವಾಗಿಯೇ ಸೌಟು ಹಿಡಿದು, ಕಣ್ಣು ಕೆಕ್ಕರಿಸಿ ಬಂದು ನಿಂತರು. ತಲೆ ಮಾತ್ರ ಬಗ್ಗಿಸಲಿಲ್ಲ.