ಹಸಿರು ಕನ್ನಡಕದ ಕೋಣೆ

ಮಾನ್ಯ ವಾಚಕ ಮಹಾಶಯರೇ, ಈ ಬರಹವನ್ನು ಕೈಗೆತ್ತಿಕೊಂಡ ತಮ್ಮ ಸಹನೆಗೆ ವಂದಿಸಿ, ಮೊದಲಿಗೇ ಒಂದು ಮಾತನ್ನು ನಿವೇದಿಸಿಕೊಳ್ಳಬೇಕು: ನಾನು ವೈದ್ಯನಲ್ಲ. ಸಾವೊ ಪಾವ್ಲೊ ಪ್ರಾಂತ್ಯದ ಒಳನಾಡಿನಲ್ಲಿ ಬಸ್ಸಿನಿಂದ ಬಸ್ಸಿಗೆ ಹತ್ತಿಳಿಯುತ್ತ, ದಂತವೈದ್ಯರ ಲೇಸರ್ ಯಂತ್ರಗಳ ಶಕ್ತಿಯನ್ನು ಅಳೆದು ಸರಿಪಡಿಸುವವನು. ಎರಡು ವಾರಕ್ಕಿಂತ ಹೆಚ್ಚು ಒಂದೇ ಹಾಸಿಗೆಯಲ್ಲಿ ಮಲಗಿ ನನಗೆ ಅಭ್ಯಾಸವಿಲ್ಲ. ಆದ್ದರಿಂದ ಇಲ್ಲಿ ನಿರೂಪಿಸುವುದನ್ನು ಶಾಸ್ತ್ರವೆಂದಲ್ಲ, ಕಂಡವನೊಬ್ಬನ ಸಾಕ್ಷ್ಯವೆಂದು ಸ್ವೀಕರಿಸಬೇಕಾಗಿ ಪ್ರಾರ್ಥನೆ.

ಆ ಯಂತ್ರಗಳ ಬೆಳಕು ಸುಡುವುದಿಲ್ಲ, ಕೊಯ್ಯುವುದಿಲ್ಲ. ಪೆನ್ನಿನಂಥ ಹಿಡಿಕೆಯ ತುದಿಯಲ್ಲಿ ದಾಳಿಂಬೆ ಕಾಳಿನಷ್ಟು ಕೆಂಪು ಚುಕ್ಕೆ, ಅಷ್ಟೇ. ಗಾಯಗೊಂಡ ವಸಡಿಗೆ ಅದನ್ನು ಹಿಡಿದರೆ ಒಳಗಿನ ಜೀವಕೋಶಗಳು ಬೆಳಕನ್ನು ಹೀರಿ ಚುರುಕಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೊಸ ನಾರನ್ನು ನೇಯ್ದು ಗಾಯವನ್ನು ಮುಚ್ಚುತ್ತವೆ. ನೋವು ಇಳಿಯುತ್ತದೆ. ಪ್ರಮಾಣ ಕಡಿಮೆಯಾದರೆ ಏನೂ ಆಗದು. ಮಿತಿಮೀರಿದರೆ ಅವೇ ಕೋಶಗಳು ಮಂಕಾಗುತ್ತವೆ. ಆ ಮಿತಿಯನ್ನು ಕಾಯುವುದು ನನ್ನ ಕಸುಬು. ಎದುರಿಗಿರುವ ಕೋಶ ಎಂಥದ್ದೆಂದು ಮಾತ್ರ ಬೆಳಕು ವಿಚಾರಿಸುವುದಿಲ್ಲ. ಅದನ್ನು ನನ್ನ ಮೀಟರೂ ಹೇಳಲಾರದು.

ಪೋಂಟಲ್ ದಾಸ್ ಗಾರ್ಸಾಸ್ ಎಂಬ ಊರಿನಲ್ಲಿ ನಾನು ಇಳಿದದ್ದು ಆಗಸ್ಟಿನ ಒಂದು ಮಂಗಳವಾರ. ಕಬ್ಬಿನ ಗದ್ದೆಗಳಿಗೆ ಬೆಂಕಿಯಿಟ್ಟಿದ್ದರು. ಒಣಹಾಕಿದ ಬಟ್ಟೆಗಳ ಮೇಲೆ ಕಪ್ಪು ಬೂದಿಯ ಎಳೆಗಳು ಸದ್ದಿಲ್ಲದೆ ಬೀಳುತ್ತಿದ್ದವು. ಊರಿನ ದಂತವೈದ್ಯೆ ಜೊರಾಯ್ದೆ ಫೊಂತನೆಲ್ಲಾ ಎರಡು ಸಲ ಫೋನು ಮಾಡಿ ನನ್ನನ್ನು ಕರೆಸಿದ್ದರು.

"ಬೆಳಕು ಸೋತೋಗಿದೆ ಕಣಯ್ಯ," ಎಂದರು, ಕಾಫಿಯ ಪುಟ್ಟ ಲೋಟವನ್ನು ನನ್ನ ಕೈಗಿಡುತ್ತ. "ಎರಡು ವಾರಕ್ಕೆ ವಾಸಿಯಾಗ್ಬೇಕಾದ ಹುಣ್ಣು, ಏಳು ವಾರ ಆದ್ರೂ ಮುಚ್ತಿಲ್ಲ. ಯಂತ್ರಕ್ಕೆ ವಯಸ್ಸಾಗಿರ್ಬೇಕು."

ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಕನ್ನಡಕವಿಲ್ಲದೆ ಯಾರೂ ಒಳಗೆ ಬರಕೂಡದು. ಕೆಂಪು ಬೆಳಕಿನಿಂದ ಕಣ್ಣು ಕಾಯುವ ಕಡು ಹಸಿರು ಕನ್ನಡಕಗಳು ಪಕ್ಕದ ಮೊಳೆಗಳಲ್ಲಿ ತೂಗುತ್ತಿದ್ದವು. ವೈದ್ಯೆ ಬಹಳ ಶಿಸ್ತಿನವರು. ಹೊಸ್ತಿಲಲ್ಲೇ ಹಾಕಿಕೊಂಡರೆ ಹೊರಗೆ ಬಂದಮೇಲೆಯೇ ತೆಗೆಯುವುದು.

ಒಳಗೆ ಕುರ್ಚಿಯಲ್ಲಿ ಒರಗಿದ್ದವರು ಊರಿನ ವಾದ್ಯತಂಡದ ಮೇಷ್ಟ್ರು ಬೆಲಾರ್ಮಿನೊ ಕ್ವಾದ್ರೊಸ್. ಮೂವತ್ತೊಂದು ವರ್ಷಗಳಿಂದ ಪ್ರತಿ ಭಾನುವಾರ ಚೌಕದ ಮಂಟಪದಲ್ಲಿ ಬೊಂಬಾರ್ದಿನೊ ಎಂಬ ದೊಡ್ಡ ಹಿತ್ತಾಳೆಯ ಕಹಳೆ ಊದುವವರು. ಕೆಳದವಡೆಯ ಕಟ್ಟುಹಲ್ಲು ತಾಗಿ ವಸಡು ಹುಣ್ಣಾಗಿತ್ತು. ವೈದ್ಯೆ ಆ ಹಲ್ಲನ್ನು ಅರದಿಂದ ಉಜ್ಜಿ ಸರಿಮಾಡಿ, ವಾರಕ್ಕೆ ಮೂರು ಸಲ ಬೆಳಕು ಹಿಡಿಯುತ್ತಿದ್ದರು.

"ಬಂದ್ಯೇನಪ್ಪ ಮೆಕ್ಯಾನಿಕ್ಕು! ನನ್ನ ಬಾಯಿ ರಿಪೇರಿ ಮಾಡ್ತೀಯೋ, ಯಂತ್ರದ್ದೋ?"

"ಯಾವುದು ಕಮ್ಮಿ ಮಾತಾಡುತ್ತೋ ಅದನ್ನ," ಎಂದೆ. ಮುದುಕ ಕುಲುಕುಲು ನಕ್ಕ.

ಬೆಳಕಿನ ತುದಿಯನ್ನು ಮೀಟರಿನ ಬಾಯೊಳಗೆ ಪೂರ್ತಿ ಹುದುಗಿಸಿದೆ. ಮೀಟರಿನ ಅಂಕಿಗಳೂ ಕೆಂಪು. ಹಸಿರು ಗಾಜಿನ ಮೂಲಕ ಕಾಣುವುದೇ ಇಲ್ಲ. ಆದ್ದರಿಂದ ಯಾವಾಗಲೂ ಮಾಡುವಂತೆ ಕನ್ನಡಕವನ್ನು ಹಣೆಗೇರಿಸಿದೆ. ಅಂಕಿ ನೋಡಿದೆ. ಮತ್ತೊಮ್ಮೆ ಅಳೆದೆ. ಶಕ್ತಿ ಒಂದಿಷ್ಟೂ ಕುಂದಿರಲಿಲ್ಲ. ಏಳು ವಾರವೂ ಆ ವಸಡಿಗೆ ತುಂಬು ಪ್ರಮಾಣದ ಬೆಳಕೇ ಬಿದ್ದಿತ್ತು.

ಇದನ್ನು ಹೇಳಲೆಂದು ಬೆಳಕನ್ನು ಆರಿಸಿ ತಲೆಯೆತ್ತಿದೆ. ಬಿಳಿ ದೀಪದಡಿ ಮೇಷ್ಟ್ರ ಬಾಯಿ ತೆರೆದಿತ್ತು. ವೈದ್ಯೆ ಬಗ್ಗಿ ಪರೀಕ್ಷಿಸುತ್ತಿದ್ದರು. ಕಟ್ಟುಹಲ್ಲಿನ ಅಂಚಿನಿಂದಾಚೆಗೂ, ನಾಲಿಗೆಯ ಕಡೆಗೂ, ಮಖಮಲ್ಲಿನಂಥ ಕಡುಗೆಂಪು ಹರಡಿತ್ತು. ಅದರ ನಡುವೆ ಅಲ್ಲಲ್ಲಿ ಬಿಳಿ ಚುಕ್ಕೆಗಳು. ಅಂಚು ಮೇಲೆದ್ದು ಮಡಿಚಿಕೊಂಡಿತ್ತು.

"ಸ್ವಲ್ಪ ಚಿಕ್ಕದಾಗಿದೆ ಅನ್ಸುತ್ತೆ," ಎಂದರು ವೈದ್ಯೆ.

"ಡಾಕ್ಟ್ರೇ, ಕನ್ನಡಕ ತೆಗೆದು ನೋಡಿ."

"ನೀನ್ಯಾಕೆ ತೆಗ್ದಿದ್ದೀಯ? ಬಾಗಿಲ ಮೇಲೆ ಬರೆದಿರೋದು ಓದಕ್ ಬರಲ್ವಾ? ಸ್ಕ್ರೂ ತಿರುಗಿಸೋರೆಲ್ಲ ನಂಗೆ ಬಾಯಿ ನೋಡೋದು ಕಲಿಸ್ಬೇಕಾ?"

"ಬೆಳಕು ಆರಿದೆ. ಒಂದ್ಸಲ ತೆಗೀರಿ."

ತೆಗೆದರು. ಹಸಿರು ಗಾಜಿನಲ್ಲಿ ಕೆಂಪು ಬರೀ ನೆರಳಾಗಿ ಕಾಣುತ್ತದೆ. ಬಾಯಿಯ ತುಂಬ ಎಷ್ಟೊಂದು ನೆರಳುಗಳು. ಮೊದಲ ದಿನವೊಂದನ್ನು ಬಿಟ್ಟರೆ ಆ ವಸಡನ್ನು ಅವರು ಬರಿಗಣ್ಣಿನಿಂದ ನೋಡಿರಲೇ ಇಲ್ಲ. ಈಗ ಕೈಗವುಸಿನ ಬೆರಳಿನಿಂದ ಅಂಚನ್ನು ಒತ್ತಿದರು. ಅದು ಗಟ್ಟಿಯಾಗಿತ್ತು, ಬಾಗಲಿಲ್ಲ.

"ನೋವಿದ್ಯಾ ಮೇಷ್ಟ್ರೇ?"

"ಎಳ್ಳಷ್ಟೂ ಇಲ್ಲಮ್ಮ. ನಿನ್ನ ದೀಪದ ಪುಣ್ಯ. ಈ ಭಾನುವಾರಾನೂ ಊದ್ತೀನಿ."

ವೈದ್ಯೆ ಕುರ್ಚಿಯ ಪಕ್ಕದ ಸ್ಟೂಲಿನಲ್ಲಿ ಕುಳಿತರು. "ಇದ್ರಿಂದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸ್ಬೇಕು. ಇವತ್ತೇ. ಇನ್ಮೇಲೆ ಬೆಳಕು ಹಾಕಲ್ಲ."

"ಯಾಕೆ?"

"ಇದು ಬರೀ ಹುಣ್ಣಲ್ಲದೇ ಇರಬಹುದು. ಒಳ್ಳೇ ಕೋಶ ಬೆಳೆಸೋ ಬೆಳಕು ಕೆಟ್ಟದ್ದನ್ನೂ ಬೆಳೆಸಿದ್ರೆ? ನಾನು... ನಾನು ಸರಿಯಾಗಿ ನೋಡ್ಲಿಲ್ಲ ಮೇಷ್ಟ್ರೇ. ಕನ್ನಡಕ ತೆಗೀಲಿಲ್ಲ."

ಮುದುಕನ ಮುಖದಲ್ಲಿ ನಗು ಹಾಗೇ ಉಳಿದಿತ್ತು, ಹಸಿರು ಗಾಜಿನ ಹಿಂದಿನ ಕಣ್ಣು ಮಾತ್ರ ನಗುತ್ತಿರಲಿಲ್ಲ.

"ಏಳು ವಾರ ಸರಿ ಇದ್ದದ್ದು ಇವತ್ತು ಈ ಬಸ್ಸಿನವನು ಬಂದ್ಮೇಲೆ ತಪ್ಪಾಯ್ತಾ? ನೀವು ಕತ್ತರಿಸಿ, ತುಟಿ ಸೊಟ್ಟಗಾದ್ರೆ ನಾನು ಏನು ಊದ್ಲಿ, ಒಲೆನಾ?"

"ಚಿಕ್ಕ ಚೂರು. ಎರಡು ಹೊಲಿಗೆ."

"ನೋವೇ ಇಲ್ಲದ ಜಾಗಕ್ಕೆ ಕತ್ತರಿ ಹಾಕೋರು ನೀವು. ನೋಡ್ದೇನೇ ದೀಪ ಹಿಡಿದೋರೂ ನೀವೇ. ಯಾವುದನ್ನ ನಂಬ್ಲಮ್ಮ?" ಎದೆಯ ಮೇಲಿನ ಬಟ್ಟೆಯನ್ನು ಕಿತ್ತು ಎದ್ದರು. "ದೀಪ ಇರೋದು ನಿಮ್ಮೊಬ್ಬರ ಹತ್ರಾನೇ ಅಲ್ಲ."

ತಾವು ಹಾಕಿದ್ದ ಹಸಿರು ಕನ್ನಡಕವನ್ನು ತಾವೇ ಮೊಳೆಗೆ ನೇತುಹಾಕಿ ಹೊರಟುಹೋದರು. ವೈದ್ಯೆ ಬೀದಿಯವರೆಗೆ ಓಡಿದರೂ ಅವರು ತಿರುಗಿ ನೋಡಲಿಲ್ಲ.

ಮರುದಿನ ಬೆಳಗ್ಗೆ ವೈದ್ಯೆಯೂ ನಾನೂ ಮೇಷ್ಟ್ರ ಮನೆಗೆ ಹೋದೆವು. ತಂಗಿ ದೋನಾ ಅನುನ್ಸಿಯಾತಾ ಗೇಟಿನಲ್ಲೇ ನಿಂತು, "ವಾದ್ಯ ಎತ್ಕೊಂಡು ಹಳೇ ಕಾರಲ್ಲಿ ಹೋದ. ಭಾನುವಾರ ಬರ್ತೀನಿ ಅಂದ. ಎಲ್ಲಿಗೆ ಅಂದ್ರೆ, ಬಾಯಿ ಬೆಳಗಿಸ್ಕೊಳ್ಳೋಕೆ ಅಂದ, ಹುಚ್ಚು ಮುಂಡೇದು!" ಎಂದು ನಕ್ಕಳು. ವೈದ್ಯೆ ವಿಷಯ ತಿಳಿಸಿದಾಗ ಆ ನಗು ಅರ್ಧದಲ್ಲೇ ನಿಂತಿತು.

ಚಿಕಿತ್ಸಾಲಯಕ್ಕೆ ಮರಳಿ, ಇಂಥದೇ ಯಂತ್ರವಿದ್ದ ನೆರೆಯೂರಿನ ತರುಣ ದಂತವೈದ್ಯನಿಗೆ ವೈದ್ಯೆ ಫೋನು ಮಾಡಿದರು. ನನಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದರು.

"ಹೂಂ, ಬಂದಿದ್ರು! ಎಂಟು ಗಂಟೆಗೇ," ಎಂದಿತು ಆ ಉತ್ಸಾಹದ ಧ್ವನಿ. "ಒಳ್ಳೇ ತಮಾಷೆ ಮನುಷ್ಯ. ಕಟ್ಟುಹಲ್ಲು ತಾಗಿ ಹುಣ್ಣು ಅಂದ್ರು. ಬೆಳಕು ಹಾಕಿ ಕಳಿಸ್ದೆ."

"ನೋಡಿದ್ರಾ ನೀವು? ಬರಿಗಣ್ಣಲ್ಲಿ?"

"ಕನ್ನಡಕ ಹಾಕಿದ್ದೆ ಡಾಕ್ಟ್ರೇ, ನಿಯಮ ನಿಯಮಾನೇ ಅಲ್ವಾ," ಎಂದನಾತ, ಮೆಚ್ಚುಗೆಯನ್ನು ನಿರೀಕ್ಷಿಸುವವನಂತೆ.

ಮುಂದೆಲ್ಲಿಗೆ ಹೋದರೆಂದು ಅವನಿಗೆ ಗೊತ್ತಿರಲಿಲ್ಲ. ಮತ್ತೆ ಬರುವುದಿಲ್ಲ, ಮುಂದಿನ ಬೆಳಕನ್ನು ಬೇರೆ ಊರಿನಲ್ಲಿ ಹಾಕಿಸಿಕೊಳ್ಳುತ್ತೇನೆಂದು ಮಾತ್ರ ಹೇಳಿದ್ದರಂತೆ.

ಆ ಸೀಮೆಯಲ್ಲಿ ಅಂಥ ಯಂತ್ರಗಳು ಇನ್ನೂ ಒಂಬತ್ತಿದ್ದವು. ಒಂದೊಂದನ್ನೂ ನಾನೇ ಅಳೆದು, ಸರಿಪಡಿಸಿ, ಉತ್ತಮವಾಗಿದೆಯೆಂದು ಚೀಟಿ ಅಂಟಿಸಿ ಬಂದಿದ್ದೆ. ವೈದ್ಯೆ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಸಂಖ್ಯೆ ಒತ್ತತೊಡಗಿದರು. ಒಂದು ಕಡೆ ಯಾರೂ ಎತ್ತಲಿಲ್ಲ. ಇನ್ನೊಂದು ಕಡೆ, ವೈದ್ಯರು ಒಳಗೆ ರೋಗಿಯೊಂದಿಗಿದ್ದಾರೆ, ಆಮೇಲೆ ಮಾಡಿ, ಎಂದು ಹೆಂಗಸೊಬ್ಬಳು ಇಟ್ಟುಬಿಟ್ಟಳು.

"ಯಾವ ರೋಗಿ?" ಎಂದು ವೈದ್ಯೆ ಕಡಿದುಹೋದ ಫೋನಿಗೆ ಕೇಳಿದರು. "ಯಾರಮ್ಮ ಒಳಗಿರೋದು?"

ನಾನು ಮೀಟರನ್ನು ಅದರ ಪೆಟ್ಟಿಗೆಯಲ್ಲಿಟ್ಟೆ. ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿ, ಎರಡು ಅಂಗಿಗಳ ನಡುವೆ ತುರುಕಿ, ಚೀಲದ ಬಾಯಿ ಬಿಗಿದೆ. ಫೋನು ಇಟ್ಟ ಆ ಹೆಂಗಸಿನ ಊರಿಗೆ ಬಸ್ಸಿನಲ್ಲಿ ಐವತ್ತು ನಿಮಿಷ. ಹೊರಗೆ ಬೂದಿ ಇನ್ನೂ ಬೀಳುತ್ತಿತ್ತು. ಚೀಲವನ್ನು ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆಗೆ ಬಿರಬಿರನೆ ನಡೆದೆ.