ಮುಚ್ಚಿದ ಬಾಗಿಲಿನ ನಿಯಮ

ಹನ್ನೆರಡನೇ ಪ್ರಶ್ನೆಗೆ ‘ಎಂದೂ ಇಲ್ಲ’ ಅನ್ನುವುದೋ, ‘ಅಪರೂಪಕ್ಕೆ’ ಅನ್ನುವುದೋ? ಹೋದ ವರ್ಷ ಎಲ್ಲದಕ್ಕೂ ‘ಎಂದೂ ಇಲ್ಲ’ ಅಂದಿದ್ದ. ಇಷ್ಟು ಸ್ವಚ್ಛವಾದ ಉತ್ತರಗಳನ್ನು ಕಂಪ್ಯೂಟರ್ ನಂಬುವುದಿಲ್ಲ ಎಂದು ಅಧ್ಯಯನ ನಡೆಸುವ ಪ್ರೊಫೆಸರರಿಂದ ಪತ್ರ ಬಂದಿತ್ತು. ಹಾಗಾದರೆ ನಂಬುವಷ್ಟು ಕೊಳೆ ಎಂದರೆ ಎಷ್ಟು? ‘ಕಳೆದ ಒಂದು ವರ್ಷದಲ್ಲಿ ಸಂಗಾತಿಯ ಕಡೆಗೆ ವಸ್ತುಗಳನ್ನು ಎಸೆದಿದ್ದೀರಾ?’ ಇಲ್ಲ. ಬಾಗಿಲನ್ನು ಯಾರೂ ಎಸೆಯುವುದಿಲ್ಲ, ಒದೆಯುತ್ತಾರೆ. ಒದೆಯುವ ಬಗ್ಗೆ ಪ್ರಶ್ನೆಯೇ ಇರಲಿಲ್ಲ. ಕೇಳದ್ದನ್ನು ಹೇಳುವುದು ಅಧಿಕಪ್ರಸಂಗ.

ಬಡಗಿ ‘ಎಂದೂ ಇಲ್ಲ’ಕ್ಕೆ ಗುರುತು ಹಾಕಿದ. ಕಂಪ್ಯೂಟರಿನ ಮನಸ್ಸಮಾಧಾನಕ್ಕೆ ‘ದನಿ ಏರಿಸಿದ್ದೀರಾ’ ಎಂಬಲ್ಲಿ ‘ಅಪರೂಪಕ್ಕೆ’ ಎಂದು ಬಿಟ್ಟುಕೊಟ್ಟ.

ಅವನಿಗೆ ಹದಿನಾಲ್ಕಾಗಿದ್ದಾಗ ಪ್ರೊಫೆಸರರು ಶಾಲೆಗೆ ಬಂದು, ಗಾಜು ಒಡೆದವರು, ಮೇಷ್ಟ್ರಿಗೆ ಕಲ್ಲು ಹೊಡೆದವರು, ಮನೆಯಲ್ಲಿ ಹೊಡೆತ ತಿಂದವರು ಎಂದು ಇನ್ನೂರು ಹುಡುಗರನ್ನು ಆರಿಸಿ, ‘ದಾರಿ ತಪ್ಪುವ ಸಂಭವವಿರುವವರು’ ಎಂದು ಬರೆದುಕೊಂಡಿದ್ದರು. ದಾರಿ ತೋರಿಸುವುದು ಅಧ್ಯಯನದ ಉದ್ದೇಶವಾಗಿರಲಿಲ್ಲ. ಯಾರು ಎಷ್ಟು ತಪ್ಪುತ್ತಾರೆಂದು ಅಳೆಯುವುದಷ್ಟೇ ಅವರ ಕೆಲಸ. ಹತ್ತೊಂಬತ್ತು ವರ್ಷ, ವರ್ಷಕ್ಕೊಮ್ಮೆ, ನಿಷ್ಠೆಯಿಂದ ಅಳೆದರು. ಅಳೆದು ಹೋಗುವಾಗ ಒಂದು ಕೊಡೆ ಕೊಡುತ್ತಿದ್ದರು. ಇನ್ನೂರರಲ್ಲಿ ಕೆಲವರು ಜೈಲಿನಲ್ಲಿ ಕೂತು ಉತ್ತರಿಸಿದರು. ಅವರಿಗೂ ಕೊಡೆ ಸಿಕ್ಕಿತು.

ನೂರ ಹದಿನೇಳನೆಯವನಾದ ಇವನು ಮಾತ್ರ ಅಧ್ಯಯನದ ಮುದ್ದಿನ ಮಗ. ಕಸುಬು ಕಲಿತ, ಮದುವೆಯಾದ, ಪೊಲೀಸರ ಕೈಗೆ ಸಿಗಲಿಲ್ಲ. ಮುಂದಿನ ತಿಂಗಳ ಸಮಾರೋಪದಲ್ಲಿ ಅವನನ್ನು ವೇದಿಕೆಗೆ ಕರೆದು, ಮದುವೆ ಮನುಷ್ಯನನ್ನು ತಿದ್ದುತ್ತದೆ ಎಂದು ಪ್ರೊಫೆಸರರು ತೋರಿಸುವವರಿದ್ದರು. ಬಾಕಿ ಇದ್ದದ್ದು ಒಂದೇ. ಈ ವರ್ಷ ಮೊದಲ ಬಾರಿಗೆ ಹೆಂಡತಿಯೂ ಉತ್ತರಿಸಬೇಕಿತ್ತು.

ಅವಳು ಏನು ಹೇಳುತ್ತಾಳೆ? ವಾರದಿಂದ ಅವನಿಗೆ ಅದೇ ಯೋಚನೆ.

“ಆಯ್ತಾ ನೂರ ಹದಿನೇಳಣ್ಣ?” ಸಮೀಕ್ಷೆಯ ಹುಡುಗಿ ಕಾಗದ ತೆಗೆದುಕೊಂಡಳು. “ಈಗ ಅಕ್ಕನ ಸರದಿ. ನಿಯಮದ ಪ್ರಕಾರ ಬೇರೆ ಕೋಣೆ, ಮುಚ್ಚಿದ ಬಾಗಿಲು. ಅಡುಗೆಮನೆಯಲ್ಲಿ ಕೂತ್ಕೋತೀವಿ.” ಎದ್ದು ಹೋದವಳು ಚೌಕಟ್ಟಿನ ಬಳಿ ನಿಂತಳು. “ಬಾಗಿಲೆಲ್ಲಿ?”

ಗಂಡ ಹೆಂಡತಿ ಇಬ್ಬರೂ ಚೌಕಟ್ಟನ್ನೇ ಮೊದಲ ಸಲ ಕಂಡವರಂತೆ ನೋಡಿದರು.

“ರಿಪೇರಿಗೆ ಹೋಗಿದೆ,” ಎಂದ ಅವನು.

“ಬಾಗಿಲು ಮಾಡೋರ ಮನೇಲೇ ಬಾಗಿಲಿಲ್ವಾ?”

“ನಮ್ಮನೇಲಿ ಬಾಗಿಲು ಬಾಳಿಕೆ ಬರಲ್ಲಮ್ಮ,” ಎಂದಳು ಹೆಂಡತಿ. ಅವಳು ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಮಾತನ್ನೂ ಹಾಗೇ, ಅಂಚು ಮಡಚಿ ಒಳಗೆ ಸೇರಿಸಿ ಹೊಲಿಯುತ್ತಿದ್ದಳು. ಮೂರು ವಾರದ ಹಿಂದೆ ಜಗಳದಲ್ಲಿ ಅಡುಗೆಮನೆ ಹೊಕ್ಕು ಬಾಗಿಲು ಹಾಕಿಕೊಂಡಿದ್ದಳು. ಬಾಗಿಲು ಕೀಲು ಸಮೇತ ಅವಳ ಹೆಗಲ ಮೇಲೆ ಬಿದ್ದಿತ್ತು. ಕೇಳಿದವರಿಗೆ ಕಾರ್ಖಾನೆಯಲ್ಲಿ ಕಪಾಟು ಬಿತ್ತು ಅಂದಿದ್ದಳು. ಮರದ ಸಾಮಾನು ಎಂಬ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

“ಬಾಗಿಲಿಲ್ಲದೆ ಮಾಡಿದ್ರೆ ಫಾರಂ ರದ್ದಾಗುತ್ತೆ. ಅಣ್ಣ ಲೆಕ್ಕಕ್ಕೇ ಬರಲ್ಲ,” ಎಂದು ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು.

ಹತ್ತೊಂಬತ್ತು ವರ್ಷ ಲೆಕ್ಕಕ್ಕೆ ಬಂದವನಿಗೆ ಆ ಮಾತು ತಡೆಯಲಾಗಲಿಲ್ಲ. “ಅರ್ಧ ಗಂಟೆ ಕೊಡಿ,” ಎಂದವನೇ ಬೀದಿ ತುದಿಯ ತನ್ನ ಮರಗೆಲಸದ ಅಂಗಡಿಗೆ ಹೋಗಿ, ಯಾರದೋ ಮನೆಗೆಂದು ಸಿದ್ಧವಾಗಿದ್ದ ಬಾಗಿಲನ್ನು ಹೆಗಲ ಮೇಲೆ ಹೊತ್ತು ತಂದ.

ಕೆಳಗಿನ ಮನೆಯ ನಿವೃತ್ತ ಅಂಚೆಯವ ಮೆಟ್ಟಿಲ ಮೇಲೆ ಕೂತಿದ್ದ. “ಏನಪ್ಪಾ, ಹೊಸದಾ? ಇದಕ್ಕೆಷ್ಟು ದಿನ ಆಯಸ್ಸು?”

“ನಿಮಗಿಂತ ಜಾಸ್ತಿ, ತಾತ.”

ಕೆಲಸಕ್ಕೆ ಕೂತರೆ ಅವನಷ್ಟು ತಾಳ್ಮೆಯವನಿಲ್ಲ. ಅಂಚು ಹೆರೆದ, ಕೂರಿಸಿ ನೋಡಿದ, ಇಳಿಸಿ ಮತ್ತೆ ಹೆರೆದ. ಹೆಂಡತಿ ಕೇಳದಿದ್ದರೂ ಸ್ಕ್ರೂ ಒಂದೊಂದಾಗಿ ಎತ್ತಿ ಕೊಡುತ್ತಿದ್ದಳು. ಒಳಗಡೆಗೆ ಚಿಲಕ ಬೇಕೋ ಬೇಡವೋ ಎಂದು ಅವನು ಯೋಚಿಸಲೇ ಇಲ್ಲ. ಚಿಲಕವಿಲ್ಲದ ಬಾಗಿಲನ್ನು ಅವನು ಈವರೆಗೆ ಯಾರಿಗೂ ಕೊಟ್ಟಿರಲಿಲ್ಲ.

“ಎಷ್ಟು ಚೆನ್ನಾಗಿ ಕೂತಿದೆ ಅಣ್ಣ!” ಎಂದಳು ಹುಡುಗಿ. ಇಬ್ಬರೂ ಒಳಗೆ ಹೋದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅದರ ಹಿಂದೆಯೇ ಚಿಲಕ ಬಿತ್ತು.

ಇಪ್ಪತ್ತು ನಿಮಿಷದ ಫಾರಂ. ಅವನು ನೆಲಕ್ಕೆ ಬಿದ್ದ ಹೊಟ್ಟು ಗುಡಿಸಿದ. ಕಿವಿ ಕೊಟ್ಟ. ಏನೂ ಕೇಳಿಸಲಿಲ್ಲ. ಕೂದಲೆಳೆ ಸಂದಿಲ್ಲದಂತೆ ಕೂರಿಸಿದ್ದ ತನ್ನ ಕೈಗಳನ್ನೇ ಶಪಿಸಿದ. ನಲವತ್ತು ನಿಮಿಷವಾಯಿತು. ಒಂದು ಗಂಟೆಯಾಯಿತು. ‘ಎಂದೂ ಇಲ್ಲ’ ಎಂದು ಹೇಳುವುದಕ್ಕೆ ಇಷ್ಟು ಹೊತ್ತು ಬೇಕಾಗುವುದಿಲ್ಲ.

ಹುಡುಗಿ ಮಾತ್ರ ಹೊರಗೆ ಬಂದಳು. ಬಾಗಿಲು ಅವಳ ಬೆನ್ನಿಗೇ ಮತ್ತೆ ಮುಚ್ಚಿಕೊಂಡು ಚಿಲಕ ಬಿತ್ತು. ಅವಳು ಅವನ ಮುಖ ನೋಡದೆ ಹೇಳಿದಳು: “ಫಾರಂನಲ್ಲಿ ಜಾಗ ಸಾಲಲಿಲ್ಲ. ಹಿಂದುಗಡೆ ಬರೆದಿದ್ದೀನಿ.”

“ಏನಂದ್ಲು?”

“ಅದು ಗೌಪ್ಯ.”

ಒಳಗಿಂದ, ಬಾಗಿಲಿಗೆ ತೀರ ಹತ್ತಿರದಲ್ಲಿ, ಹೆಂಡತಿಯ ದನಿ ಬಂತು. ಏರಿರಲಿಲ್ಲ. “ರೀ, ನಾನು ನಮ್ಮಕ್ಕನ ಮನೆಗೆ ಹೋಗ್ತಾ ಇದ್ದೀನಿ. ನೀವು ಕೆಳಗೆ ರಸ್ತೆಗೆ ಹೋಗಿ ನಿಂತ್ಕೊಳ್ಳಿ. ನೀವು ಹೋಗಿದ್ದು ಕಿಟಕೀಲಿ ಕಂಡ ಮೇಲೆ ಚಿಲಕ ತೆಗೀತೀನಿ.”

“ಎಷ್ಟು ದಿನಕ್ಕೆ?”

“ಮೊದಲು ಕೆಳಗಿಳೀರಿ.”

ಬಾಗಿಲಿನ ಯಾವ ಜಾಗಕ್ಕೆ ಒದ್ದರೆ ಚಿಲಕ ಕಿತ್ತುಬರುತ್ತದೆಂದು ಆ ಬೀದಿಯಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಬಲಗಾಲು ತಾನಾಗಿ ಹಿಂದೆ ಸರಿಯಿತು. ಹುಡುಗಿ ಫೈಲನ್ನು ಎದೆಗೆ ಒತ್ತಿ ಹಿಡಿದು ಗೋಡೆಗೆ ಅಂಟಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅಧ್ಯಯನ ತನ್ನ ವಿಷಯವನ್ನು ಎದುರಿಗೇ ಕಾಣುತ್ತಿತ್ತು. ಬರೆದುಕೊಳ್ಳಲು ಕೈ ಬರಲಿಲ್ಲ.

ಅವನು ಕಾಲನ್ನು ನೆಲಕ್ಕೆ ಊರಿದ. ಮೆಟ್ಟಿಲಿಳಿದು ರಸ್ತೆಯ ಆಚೆ ಬದಿಗೆ ಹೋಗಿ, ಕಿಟಕಿಗೆ ಕಾಣುವಂತೆ ನಿಂತ. ಸ್ವಲ್ಪ ಹೊತ್ತಿಗೆ ಹೆಂಡತಿ ಚೀಲ ಹಿಡಿದು ಬಂದಳು. ಭಾರವನ್ನು ಎಡಗೈಗೆ ಹಾಕಿಕೊಂಡಿದ್ದಳು. ಬಲ ಹೆಗಲು ಇನ್ನೂ ಏಳುತ್ತಿರಲಿಲ್ಲ. ರಸ್ತೆಯಾಚೆಯಿಂದ ಅವನು ಕೂಗಿದ: “ಮಳೆಗಾಲದಲ್ಲಿ ಮರ ಉಬ್ಬಿದ್ರೆ ಕೆಳಗಡೆ ಸ್ವಲ್ಪ ಹೆರೀಬೇಕಾಗುತ್ತೆ!”

ಅವಳು ನಿಂತು, ಅವನು ಹೇಳುವುದು ಇಷ್ಟೇನಾ ಎಂಬಂತೆ ಒಂದು ಕ್ಷಣ ಕಾದು, ನಡೆದುಹೋದಳು.

ತಾನು ಎಂಟು ವರ್ಷದವನಾಗಿದ್ದಾಗ, ಅಪ್ಪ ಹೊರಗಿನಿಂದ ಒದೆಯುತ್ತಿದ್ದ ಬಾಗಿಲಿಗೆ ಅಮ್ಮನ ಪಕ್ಕದಲ್ಲಿ ಬೆನ್ನು ಕೊಟ್ಟು ಕೂತಿರುತ್ತಿದ್ದುದನ್ನು ಅವನು ಪ್ರೊಫೆಸರರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.